ವಿಡಾಲ್ ಪಾಸಿಟಿವ್ ಬಂದರೆ ಅದು ಟೈಫಾಯ್ಡೇನಾ?

ಪ್ರಶ್ನೆ: ಡಾಕ್ಟ್ರೇ, ನಾವು ದಾವಣಗೆರೆಯವರು. ನನ್ನ ಮಗನಿಗೆ 20 ವರ್ಷ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾನೆ. ಒಂದು ವರ್ಷದಲ್ಲಿ ಮೂರು ಸಲ ಟೈಫಾಯ್ಡ್ ಬಂತು. ಜ್ವರ ಬಂದ ಮಾರನೇ ದಿನವೇ ರಕ್ತ ಕೊಟ್ಟಿದ್ದಾನೆ, ಪ್ರತಿ ಸಲವೂ ವಿಡಾಲ್ 1:160, ಒಮ್ಮೆ 1:320. ಇಂಜೆಕ್ಷನ್, ಮಾತ್ರೆ ಎಲ್ಲ ಆಯಿತು. ಜ್ವರ ಬಿಟ್ಟ ಮೇಲೆ ಮತ್ತೆ ಟೆಸ್ಟ್ ಮಾಡಿಸಿದಾಗ ಇನ್ನೂ 1:160 ಇದೆ ಅಂತ ಇನ್ನೊಂದು ಕೋರ್ಸ್ ಕೊಟ್ಟರು. ಈಗ ಚೆನ್ನಾಗಿ ಊಟ ಮಾಡಿಕೊಂಡು ಕಾಲೇಜಿಗೆ ಹೋಗುತ್ತಿದ್ದಾನೆ, ಆದರೆ ರಿಪೋರ್ಟ್ ಮಾತ್ರ ಪಾಸಿಟಿವ್. ಟೈಫಾಯ್ಡ್ ಮೈಯಲ್ಲೇ ಉಳಿದುಬಿಟ್ಟಿದೆಯಾ? ಪೂರ್ತಿ ಹೋಗಲು ಏನು ಮಾಡಬೇಕು? ಲಸಿಕೆ ಹಾಕಿಸಬಹುದಾ? ಇನ್ನೊಂದು ವಿಷಯ. ನಮ್ಮ ಅತ್ತೆಗೆ ಚಿಕ್ಕಂದಿನಲ್ಲಿ ಟೈಫಾಯ್ಡ್ ಬಂದಿತ್ತಂತೆ, ಈಗ ಪಿತ್ತಕೋಶದಲ್ಲಿ ಕಲ್ಲಿದೆ. ಅವರಿಂದಲೇ ಹರಡಿರಬಹುದು ಅಂತ ನೆಂಟರೊಬ್ಬರು ಹೇಳಿದಾಗಿನಿಂದ ಮನೆಯಲ್ಲಿ ಮುಜುಗರವಾಗಿದೆ.

ಉತ್ತರ: ಅಮ್ಮಾ, ಜ್ವರ ಇಲ್ಲದ, ಊಟ ಸೇರುವ, ಕಾಲೇಜಿಗೆ ಹೋಗುತ್ತಿರುವ ಹುಡುಗನಿಗೆ ಈಗ ಯಾವ ಆಂಟಿಬಯೋಟಿಕ್ಕೂ ಬೇಡ. ಆ ರಿಪೋರ್ಟನ್ನು ಫೈಲಿನಲ್ಲಿಟ್ಟುಬಿಡಿ. ಮತ್ತೆ ವಿಡಾಲ್ ಮಾಡಿಸಲೂ ಬೇಡಿ.

ಎರಡನೆಯ ಮಾತು ಸ್ವಲ್ಪ ಖಾರವಾಗಿ ಕೇಳಿಸಬಹುದು. ನಿಮ್ಮ ಮಗನಿಗೆ ಮೂರು ಸಲ ಜ್ವರ ಬಂದಿದೆ, ಅದು ನಿಜ. ಮೂರು ಸಲ ಟೈಫಾಯ್ಡ್ ಬಂದಿದೆ ಅಂತ ಮಾತ್ರ ಯಾರೂ ಸಾಬೀತು ಮಾಡಿಲ್ಲ. ಒಂದು ಸಲವಾದರೂ ಬಂದಿತ್ತಾ ಅಂತ ನೀವು ಬರೆದಿರುವುದರಿಂದ ಹೇಳಲಾಗದು. ಯಾಕೆ ಅಂತ ತಿಳಿಯಬೇಕಾದರೆ ಈ ವಿಡಾಲ್ ಅಂದರೇನು ಅಂತ ನೋಡಬೇಕು.

ಫ್ರಾನ್ಸಿನ ವೈದ್ಯ ವಿಡಾಲ್ 1896ರಲ್ಲಿ ಬಳಕೆಗೆ ತಂದ ಪರೀಕ್ಷೆ ಇದು. ಇವತ್ತಿಗೂ ನಮ್ಮ ಸಣ್ಣ ಲ್ಯಾಬುಗಳಲ್ಲಿ ನಡೆಯುವುದು ಹೀಗೆ. ರಕ್ತದಿಂದ ಬೇರ್ಪಡಿಸಿದ ಸೀರಮ್ಮಿನ ಒಂದು ತೊಟ್ಟನ್ನು ಸ್ಲೈಡಿನ ಮೇಲೆ ಹಾಕುತ್ತಾರೆ. ಅದರ ಪಕ್ಕ ಸತ್ತ ಟೈಫಾಯ್ಡ್ ರೋಗಾಣುಗಳಿರುವ, ಬಣ್ಣ ಹಾಕಿದ ದ್ರಾವಣದ ಒಂದು ತೊಟ್ಟು. ಕಡ್ಡಿಯಿಂದ ಕಲಸಿ, ಸ್ಲೈಡನ್ನು ಒಂದು ನಿಮಿಷ ಆಚೀಚೆ ಓಲಾಡಿಸುತ್ತಾರೆ. ತರಿತರಿಯಾಗಿ ಗಂಟು ಕಟ್ಟಿದರೆ ಪಾಸಿಟಿವ್, ನಯವಾಗಿಯೇ ಉಳಿದರೆ ನೆಗೆಟಿವ್. ಸೀರಮ್ಮನ್ನು ಎಷ್ಟು ಪಟ್ಟು ತೆಳು ಮಾಡಿದರೂ ಗಂಟು ಕಾಣುತ್ತದೆ ಅನ್ನುವುದೇ ಆ 1:80, 1:160, 1:320. ಗಂಟು ನೋಡುವುದು ಲ್ಯಾಬಿನವರ ಕಣ್ಣು. ಒಂದೇ ಸೀರಮ್ಮನ್ನು ಎರಡು ಲ್ಯಾಬಿಗೆ ಕೊಟ್ಟರೆ ಎರಡು ಅಂಕಿ ಬರುವುದು ಅಪರೂಪವೇನಲ್ಲ.

ಗಮನಿಸಿ, ಇಲ್ಲಿ ಯಾರೂ ರೋಗಾಣುವನ್ನು ಹುಡುಕಲೇ ಇಲ್ಲ. ಹುಡುಕಿದ್ದು ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಅವು ಹಿಂದೆಂದೋ ಟೈಫಾಯ್ಡ್ ಬಂದು ಹೋಗಿದ್ದರೂ ಇರುತ್ತವೆ. ಅದರ ದಾಯಾದಿ ಸಾಲ್ಮೊನೆಲ್ಲಾಗಳಿಂದ ಹೊಟ್ಟೆ ಕೆಟ್ಟಿದ್ದರೂ ಬರಬಹುದು. ಮಲೇರಿಯಾ, ಡೆಂಗ್ಯೂಗಳಲ್ಲೂ ಕೆಲವೊಮ್ಮೆ ಗಂಟು ಕಟ್ಟುತ್ತದೆ. ನಮ್ಮಂಥ ದೇಶದಲ್ಲಿ, ಆರೋಗ್ಯವಾಗಿರುವ ಎಷ್ಟೋ ಜನರ ರಕ್ತದಲ್ಲೂ 1:80, ಕೆಲವರಲ್ಲಿ 1:160 ಸಿಗುತ್ತದೆ. ವಿಡಾಲ್‌ಗೆ ಅರ್ಥ ಬರಬೇಕಾದರೆ ವಾರ, ಹತ್ತು ದಿನದ ಅಂತರದಲ್ಲಿ ಎರಡು ಸಲ ಮಾಡಿ, ಅಂಕಿ ನಾಲ್ಕು ಪಟ್ಟು ಏರಿದೆಯಾ ಅಂತ ನೋಡಬೇಕು. ಹಾಗೆ ಮಾಡುವವರು ಯಾರೂ ಇಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಾಲು: ಜ್ವರ ಬಂದ ಮಾರನೇ ದಿನವೇ ರಕ್ತ ಕೊಟ್ಟಿದ್ದಾನೆ. ಟೈಫಾಯ್ಡಿನ ಪ್ರತಿಕಾಯಗಳು ಪರೀಕ್ಷೆಯಲ್ಲಿ ಕಾಣುವಷ್ಟು ಬೆಳೆಯಲು ಜ್ವರ ಶುರುವಾಗಿ ಸುಮಾರು ಒಂದು ವಾರ ಬೇಕು. ಎರಡನೇ ದಿನವೇ 1:160 ಇದ್ದರೆ ಅದು ಈ ಜ್ವರಕ್ಕೆ ಹುಟ್ಟಿದ್ದಲ್ಲ, ಮೊದಲೇ ಇದ್ದದ್ದು. ಹೋದ ವರ್ಷದ ಕರೆಂಟ್ ಬಿಲ್ ನೋಡಿ ಈಗ ಮನೆಯಲ್ಲಿ ದೀಪ ಉರೀತಿದೆ ಅಂದ ಹಾಗಾಯಿತು. ಜ್ವರ ಬಿಟ್ಟ ಮೇಲೂ ಅಂಕಿ ಇಳಿಯದಿರುವುದಕ್ಕೂ ಇದೇ ಕಾರಣ. ಪ್ರತಿಕಾಯ ತಿಂಗಳುಗಟ್ಟಲೆ ಉಳಿಯುತ್ತದೆ, ಕೆಲವರಲ್ಲಿ ಇನ್ನೂ ಜಾಸ್ತಿ. ಅದನ್ನು ಮಾತ್ರೆ ಕೊಟ್ಟು ಇಳಿಸಲು ಹೊರಡುವುದು ಸುಮ್ನೆ ದುಡ್ಡು ದಂಡ, ಹೊಟ್ಟೆಗೂ ದಂಡ.

ಹಾಗಾದರೆ ಔಷಧಿ ಕೊಟ್ಟಾಗ ಜ್ವರ ಬಿಟ್ಟಿದ್ದು ಹೇಗೆ ಅಂತ ಕೇಳಬಹುದು. ವೈರಲ್ ಜ್ವರ ಐದಾರು ದಿನದಲ್ಲಿ ತಾನಾಗಿಯೇ ಬಿಡುತ್ತದೆ. ಡೆಂಗ್ಯೂವಿನ ಜ್ವರವೂ ಅಷ್ಟೇ. ಮೂರನೇ ದಿನ ಇಂಜೆಕ್ಷನ್ ಶುರು ಮಾಡಿದರೆ ಐದನೇ ದಿನ ಜ್ವರ ಇಳಿದ ಹೆಸರು ಇಂಜೆಕ್ಷನ್ನಿಗೆ ಹೋಗುತ್ತದೆ. ನಿಜವಾದ ಟೈಫಾಯ್ಡ್ ಅಷ್ಟು ಬೇಗ ಮಣಿಯುವುದಿಲ್ಲ. ಸರಿಯಾದ ಔಷಧಿ ಕೊಟ್ಟರೂ ಜ್ವರ ಪೂರ್ತಿ ಇಳಿಯಲು ನಾಲ್ಕರಿಂದ ಆರು ದಿನ ತೆಗೆದುಕೊಳ್ಳುತ್ತದೆ. ನಿಮ್ಮ ಮಗನಿಗೆ ಒಂದೆರಡು ಡೋಸಿಗೇ ಜ್ವರ ಮಾಯವಾಗಿದ್ದರೆ ಅದು ಟೈಫಾಯ್ಡ್ ಆಗಿರುವ ಸಾಧ್ಯತೆ ಕಡಿಮೆ ಅಂತಲೇ ನಾನು ಎಣಿಸುತ್ತೇನೆ.

ಇದರಿಂದ ಆಗುವ ದೊಡ್ಡ ನಷ್ಟ ಅಂದರೆ, ಟೈಫಾಯ್ಡ್ ಅನ್ನುವ ಚೀಟಿ ಅಂಟಿಸಿದ ಮೇಲೆ ಬೇರೆ ಕಾಯಿಲೆ ಹುಡುಕುವುದು ನಿಂತುಬಿಡುತ್ತದೆ. ಸ್ಕ್ರಬ್ ಟೈಫಸ್ ಅನ್ನೇ ತೆಗೆದುಕೊಳ್ಳಿ. ಹೆಸರು ಹತ್ತಿರ, ಕಾಯಿಲೆ ಬೇರೆ. ಪೊದೆ, ಹುಲ್ಲುಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರುತ್ತದೆ. ಕರ್ನಾಟಕದಲ್ಲೂ ಇದೆ. ಅನೇಕರಲ್ಲಿ ಕಚ್ಚಿದ ಜಾಗದಲ್ಲಿ ಸಿಗರೇಟು ತಾಗಿಸಿದಂಥ ಕಪ್ಪು ಹೊಪ್ಪಳೆ ಇರುತ್ತದೆ. ಕಂಕುಳಲ್ಲೋ, ತೊಡೆಸಂದಿನಲ್ಲೋ, ಪ್ಯಾಂಟಿನ ಬೆಲ್ಟಿನ ಕೆಳಗೋ ಇರುವುದರಿಂದ ಬಟ್ಟೆ ಸರಿಸಿ ಹುಡುಕದಿದ್ದರೆ ಸಿಗುವುದಿಲ್ಲ. ನೋವೂ ಇರುವುದಿಲ್ಲ, ಹಾಗಾಗಿ ರೋಗಿಗೂ ಗೊತ್ತಿರುವುದಿಲ್ಲ. ಟೈಫಾಯ್ಡಿಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಇದಕ್ಕೆ ಕೆಲಸ ಮಾಡುವುದಿಲ್ಲ. ಡಾಕ್ಸಿಸೈಕ್ಲಿನ್ ಬೇಕು, ತಡವಾದರೆ ಜೀವಕ್ಕೇ ಅಪಾಯ. ಮೂತ್ರದ ಸೋಂಕು, ಇಲಿ ಜ್ವರ, ಮಲೇರಿಯಾ ಇವೂ ಇದೇ ಚೀಟಿಯ ಕೆಳಗೆ ಅಡಗುತ್ತವೆ. ತಿಂಗಳುಗಟ್ಟಲೆ ಸಂಜೆ ಹೊತ್ತು ಜ್ವರ, ತೂಕ ಇಳಿಯುವುದು ಇದ್ದರೆ ಕ್ಷಯವನ್ನೂ ನೋಡಬೇಕು. ಮಗನ ತೂಕ ಸರಿಯಾಗಿದೆಯಾ ಅಂತ ಒಮ್ಮೆ ಕೇಳಿ.

ಈಗ ನಿಜವಾದ ಟೈಫಾಯ್ಡಿನ ವಿಷಯ. ಸಾಲ್ಮೊನೆಲ್ಲಾ ಟೈಫಿ ಅನ್ನುವ ಈ ಬ್ಯಾಕ್ಟೀರಿಯಾ ಮನುಷ್ಯರಲ್ಲಿ ಮಾತ್ರ ಬದುಕಿ ಹರಡುತ್ತದೆ. ನಾಯಿ, ಹಸು, ಕೋಳಿ ಯಾವುದರಿಂದಲೂ ಬರುವುದಿಲ್ಲ. ಒಬ್ಬರ ಮಲ, ಅಪರೂಪಕ್ಕೆ ಮೂತ್ರ, ಹೇಗೋ ನೀರಿಗೋ ಊಟಕ್ಕೋ ಸೇರಿ ಇನ್ನೊಬ್ಬರ ಬಾಯಿಗೆ ಹೋಗಬೇಕು, ಅದೊಂದೇ ದಾರಿ. ಒಳಹೊಕ್ಕ ಮೇಲೆ ಸಾಮಾನ್ಯವಾಗಿ ಒಂದರಿಂದ ಎರಡು ವಾರ ಸುಮ್ಮನಿರುತ್ತದೆ. ಆಮೇಲೆ ದಿನದಿಂದ ದಿನಕ್ಕೆ ಮೆಟ್ಟಿಲು ಹತ್ತಿದಂತೆ ಜ್ವರ ಏರುತ್ತದೆ. ತಲೆನೋವು, ಹೊಟ್ಟೆನೋವು, ಬಿಳಿ ಕಟ್ಟಿದ ನಾಲಿಗೆ, ಊಟ ಬೇಡ ಅನಿಸುವುದು. ದೊಡ್ಡವರಲ್ಲಿ ಭೇದಿಗಿಂತ ಮಲಬದ್ಧತೆ ಇರುವುದೂ ಉಂಟು. ನೆಗಡಿ, ಸೀನು, ಗಂಟಲು ಕೆರೆತ ಜೋರಾಗಿದ್ದರೆ ಅದು ಬಹುಮಟ್ಟಿಗೆ ಬೇರೆ ಜ್ವರ.

ಸರಿಯಾದ ಚಿಕಿತ್ಸೆ ಇಲ್ಲದೆ ಮೂರನೇ ವಾರ ತಲುಪಿದರೆ ಕರುಳಿನಲ್ಲಿ ರಕ್ತಸ್ರಾವ ಆಗಬಹುದು, ಕರುಳು ತೂತೂ ಆಗಬಹುದು. ಆಂಟಿಬಯೋಟಿಕ್ ಬರುವ ಮೊದಲು ಟೈಫಾಯ್ಡ್ ಬಂದ ನೂರರಲ್ಲಿ ಹತ್ತರಿಂದ ಇಪ್ಪತ್ತು ಜನ ಸಾಯುತ್ತಿದ್ದರು. ಸರಿಯಾದ ಔಷಧಿ ಸಿಕ್ಕರೆ ಈಗ ಸಾವು ಶೇಕಡಾ ಒಂದಕ್ಕಿಂತ ಕಡಿಮೆ. ಆದರೂ 2019ರಲ್ಲಿ ಜಗತ್ತಿನಲ್ಲಿ ಸುಮಾರು 90 ಲಕ್ಷ ಜನರಿಗೆ ಬಂದು 1 ಲಕ್ಷದ 10 ಸಾವಿರ ಜನ ಸತ್ತರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ವಿಡಾಲ್ ನಂಬಬೇಡಿ ಅಂತ ನಾನು ಹೇಳುತ್ತಿರುವುದಕ್ಕೆ ಟೈಫಾಯ್ಡ್ ಲೆಕ್ಕಕ್ಕಿಲ್ಲ ಅಂತ ಅರ್ಥವಲ್ಲ.

ನಿಮ್ಮ ಮಗನಿಗೆ ನೀವು ಫೋನಿನಲ್ಲಿ ಹೇಳಬೇಕಾದ ಮಾತು ಒಂದೇ: ಮುಂದಿನ ಸಲ ಮೂರು ದಿನ ದಾಟಿದ ಜ್ವರ ಬಂದರೆ, ಮೊದಲ ಆಂಟಿಬಯೋಟಿಕ್ ಮಾತ್ರೆ ನುಂಗುವ ಮುಂಚೆ ಬ್ಲಡ್ ಕಲ್ಚರ್ ಕೊಡು. ಇದರಲ್ಲಿ ರೋಗಾಣುವನ್ನೇ ಹಿಡಿಯುತ್ತಾರೆ. ತೋಳನ್ನು ಚೆನ್ನಾಗಿ ಒರೆಸಿ, ಎಂಟು ಹತ್ತು ಎಂಎಲ್ ರಕ್ತ ತೆಗೆದು, ರೋಗಾಣುವಿಗೆ ಬೇಕಾದ ಆಹಾರದ ದ್ರವ ತುಂಬಿದ ಬಾಟಲಿಗೆ ಹಾಕುತ್ತಾರೆ. ಅದನ್ನು ದೇಹದಷ್ಟೇ ಬೆಚ್ಚಗಿರುವ ಮೆಷಿನ್ನಿನಲ್ಲಿಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದು ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಮೆಷಿನ್ ಸೂಚನೆ ಕೊಡುತ್ತದೆ. ಆಮೇಲೆ ಅದನ್ನು ತಟ್ಟೆಯ ಮೇಲೆ ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಅಂತ ಒಂದೊಂದಾಗಿ ನೋಡುತ್ತಾರೆ. ಪೂರ್ತಿ ರಿಪೋರ್ಟಿಗೆ ಎರಡರಿಂದ ಐದು ದಿನ ಹಿಡಿಯುತ್ತದೆ. ಸಣ್ಣ ಲ್ಯಾಬಿನಲ್ಲಿ ಆಗುವುದಿಲ್ಲ, ದುಡ್ಡೂ ವಿಡಾಲ್‌ಗಿಂತ ಜಾಸ್ತಿ.

ಕಲ್ಚರ್ ಕೂಡ ಬ್ರಹ್ಮವಾಕ್ಯ ಅಲ್ಲ. ನಿಜವಾದ ಟೈಫಾಯ್ಡ್ ಇದ್ದರೂ ಅರ್ಧದಷ್ಟು ಜನರಲ್ಲಿ ಮಾತ್ರ ಸಿಗುತ್ತದೆ. ರಕ್ತ ಕಡಿಮೆ ತೆಗೆದರೆ, ಮೊದಲೇ ಎರಡು ಮಾತ್ರೆ ನುಂಗಿದ್ದರೆ ಇನ್ನೂ ಕಡಿಮೆ. ಸಿಗದಿದ್ದಾಗ ವೈದ್ಯರು ಲಕ್ಷಣ, ಬಿಳಿ ರಕ್ತಕಣ, ಲಿವರ್ ಟೆಸ್ಟ್ ಎಲ್ಲ ಸೇರಿಸಿ ಅಂದಾಜು ಮಾಡುತ್ತಾರೆ. ಟೈಫಾಯ್ಡಿನಲ್ಲಿ ಈಯೊಸಿನೊಫಿಲ್ ಅನ್ನುವ ಕಣ ಸೊನ್ನೆಗೆ ಇಳಿದಿರುವುದು ನಮಗೆ ಒಳ್ಳೆಯ ಸುಳಿವು. ಅದು ರಕ್ತಕಣಗಳನ್ನು ಎಣಿಸುವ ಮಾಮೂಲಿ ಸಿಬಿಸಿ ರಿಪೋರ್ಟಿನಲ್ಲೇ ಇರುತ್ತದೆ, ಜನ ಪ್ಲೇಟ್‌ಲೆಟ್ ಸಾಲು ಒಂದನ್ನು ಬಿಟ್ಟು ಬೇರೆ ನೋಡುವುದಿಲ್ಲ ಅಷ್ಟೇ. ಆದರೆ ಕಲ್ಚರ್ ಪಾಸಿಟಿವ್ ಬಂತು ಅಂದರೆ ಆಮೇಲೆ ವಾದಕ್ಕೆ ಜಾಗವಿಲ್ಲ, ಔಷಧಿಯ ಹೆಸರೂ ಅಲ್ಲೇ ಇರುತ್ತದೆ.

ಔಷಧಿಯ ಹೆಸರು ಯಾಕೆ ಅಷ್ಟು ಮುಖ್ಯ ಅಂದರೆ, ಈ ರೋಗಾಣು ನಮ್ಮ ಔಷಧಿಗಳನ್ನು ಒಂದೊಂದಾಗಿ ದಾಟಿಕೊಂಡು ಬಂದಿದೆ. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದಾಗ ಪವಾಡ ಅಂದರು. 1972ರಲ್ಲಿ ನಮ್ಮ ಪಕ್ಕದ ಕೋಯಿಕ್ಕೋಡಿನಲ್ಲೇ ಅದಕ್ಕೆ ಬಗ್ಗದ ಟೈಫಾಯ್ಡ್ ಹರಡಿತು. 90ರ ದಶಕದ ಹೊತ್ತಿಗೆ ಅದೂ ಸೇರಿ ಮೂರು ಹಳೆಯ ಔಷಧಿಗಳು ಸೋತು, ಸಿಪ್ರೊಫ್ಲಾಕ್ಸಾಸಿನ್ ಹಿಡಿದೆವು. ಈಗ ಭಾರತದಲ್ಲಿ ಸಿಪ್ರೊ, ಒಫ್ಲಾಕ್ಸಾಸಿನ್ ಬಹುಪಾಲು ನಿಷ್ಪ್ರಯೋಜಕ. ಮೆಡಿಕಲ್ ಶಾಪಿನಲ್ಲಿ ಕೇಳದೆಯೇ ಕೊಡುವುದು ಮಾತ್ರ ಇವತ್ತಿಗೂ ಅದನ್ನೇ. ಸದ್ಯಕ್ಕೆ ಕೈಯಲ್ಲಿರುವುದು ಅಜಿತ್ರೊಮೈಸಿನ್ ಮತ್ತು ಸೆಫ್ಟ್ರಿಯಾಕ್ಸೋನ್. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಸೆಫ್ಟ್ರಿಯಾಕ್ಸೋನಿಗೂ ಬಗ್ಗದ ತಳಿ ಹರಡಿದೆ. ಇದರಲ್ಲೊಂದು ವಿಚಿತ್ರ ನೋಡಿ: ನಾವು ಬಳಸುವುದನ್ನು ಬಿಟ್ಟ ಮೇಲೆ ಭಾರತದಲ್ಲಿ ಹಳೆಯ ಕ್ಲೋರಾಂಫೆನಿಕಾಲ್ ಬಹುತೇಕ ಕಡೆ ಮತ್ತೆ ಕೆಲಸ ಮಾಡುತ್ತಿದೆ. ಸುಮ್ಮನೆ ಕೊಡುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ ಅಲ್ವಾ?

ಚೀಟಿಯಲ್ಲಿ ಅಮಿಕಾಸಿನ್ ಅಥವಾ ಜೆಂಟಾಮೈಸಿನ್ ಇಂಜೆಕ್ಷನ್ ಬರೆದಿದ್ದರೆ ಯಾಕೆ ಅಂತ ಕೇಳಿ. ಲ್ಯಾಬಿನ ತಟ್ಟೆಯಲ್ಲಿ ಅವು ಟೈಫಾಯ್ಡ್ ರೋಗಾಣುವನ್ನು ಕೊಲ್ಲುತ್ತವೆ. ರೋಗಿಯ ಮೈಯಲ್ಲಿ ರೋಗಾಣು ಜೀವಕೋಶಗಳ ಒಳಗೆ ಅಡಗಿರುತ್ತದೆ, ಅಲ್ಲಿಗೆ ಇವು ಸರಿಯಾಗಿ ತಲುಪುವುದಿಲ್ಲ. ಮೂತ್ರಪಿಂಡಕ್ಕೂ ಕಿವಿಗೂ ತೊಂದರೆ ಮಾತ್ರ ಉಳಿಯುತ್ತದೆ. ಇನ್ನು ಟೈಫಾಯ್ಡ್ ಖಚಿತವಾಗಿ ಚಿಕಿತ್ಸೆ ಶುರುವಾದರೆ ಜ್ವರ ಬಿಟ್ಟ ದಿನ ಮಾತ್ರೆ ಬಿಡಬಾರದು. ಅಜಿತ್ರೊಮೈಸಿನ್ ಸಾಮಾನ್ಯವಾಗಿ ಏಳು ದಿನ, ಸೆಫ್ಟ್ರಿಯಾಕ್ಸೋನ್ ಹತ್ತರಿಂದ ಹದಿನಾಲ್ಕು ದಿನ. ಪೂರ್ತಿ ತೆಗೆದುಕೊಂಡರೂ ನೂರರಲ್ಲಿ ಐದಾರು ಜನರಿಗೆ ಎರಡು ಮೂರು ವಾರದ ನಂತರ ಮರುಕಳಿಸಬಹುದು. ಹೀಗೆ ಮರುಕಳಿಸಿತಾ ಅಂತ ತಿಳಿಯಲೂ ಕಲ್ಚರ್ರೇ ಬೇಕು. ಪಥ್ಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬರೀ ಗಂಜಿ, ಬ್ರೆಡ್ ಅಂತ ಹುಡುಗನನ್ನು ಒಣಗಿಸಬೇಡಿ. ಇಡ್ಲಿ, ಮೆತ್ತಗಿನ ಅನ್ನ, ತೊವ್ವೆ, ಮೊಟ್ಟೆ ಎಲ್ಲ ಕೊಡಬಹುದು.

ಬರದಂತೆ ತಡೆಯುವುದು ಹೇಗೆ? ಇದರ ಮೂಲ ಇರುವುದು ನೀರಿನಲ್ಲಿ. ನಮ್ಮ ಊರುಗಳ ಕಥೆಯಿಂದಲೇ ಹೇಳುತ್ತೇನೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಕೊಟ್ಟರು, ಉಳಿದವಕ್ಕೆ ಹಳೆಯಂತೆ ಕೆಲವು ದಿನಕ್ಕೊಮ್ಮೆ. ಎರಡನ್ನೂ ಹೋಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸದಾ ನೀರು ಬರುವ ಕಡೆ ಟೈಫಾಯ್ಡ್ ಬಂತು ಅಂದ ಮನೆಗಳು ಶೇಕಡಾ 42ರಷ್ಟು ಕಡಿಮೆ ಇದ್ದವು. ಕಾರಣ ಸರಳ. ನೀರು ನಿಂತಾಗ ಪೈಪು ಖಾಲಿಯಾಗಿ ಒತ್ತಡ ಇಳಿಯುತ್ತದೆ. ಎಲ್ಲಿ ಸಣ್ಣ ಬಿರುಕಿದೆಯೋ ಅಲ್ಲಿಂದ ಪಕ್ಕದ ಚರಂಡಿಯ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಅದೇ. ಮೊದಲ ಐದು ಹತ್ತು ನಿಮಿಷದ ನೀರನ್ನು ಕುಡಿಯಲು ಹಿಡಿಯಬೇಡಿ, ಗಿಡಕ್ಕೋ ನೆಲ ಒರೆಸಲಿಕ್ಕೋ ಬಳಸಿ.

ಪಿಜಿಯ ಕಥೆ ಬೇರೆ. ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ಸಂಪು ಇರುವುದು ಗೇಟಿನ ಒಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ, ನೆಲಕ್ಕೆ ಸಮವಾಗಿ. ಅದರ ಮಗ್ಗುಲಲ್ಲೇ ಒಳಚರಂಡಿಯ ಚೇಂಬರ್. ಚೇಂಬರ್ ಕಟ್ಟಿಕೊಂಡು ಉಕ್ಕಿದರೆ ಸಂಪಿನ ಮುಚ್ಚಳದ ಸಂದಿಯಿಂದ ಇಳಿಯಲು ಎಷ್ಟು ಹೊತ್ತು ಬೇಕು? ಕುಡಿಯಲು ಕಾರಿಡಾರಿನಲ್ಲಿ ಆರ್‌ಒ ಇದೆ ಅನ್ನುತ್ತಾರೆ, ಸರಿ. ಆದರೆ ಚಟ್ನಿ ತೆಳು ಮಾಡಲು, ಮಜ್ಜಿಗೆಗೆ, ಸೌತೆಕಾಯಿ ತೊಳೆಯಲು ಅಡುಗೆಮನೆಯಲ್ಲಿ ಯಾವ ನಲ್ಲಿ ಬಳಸುತ್ತಾರೆ? ಮಗನಿಗೆ ಹೇಳಿ, ಒಂದು ದಿನ ಅಡುಗೆಮನೆಗೆ ಹೋಗಿ ನೋಡಲಿ. ಹೋಟೆಲಿನಲ್ಲಿ "ಬಿಸಿನೀರು ಕೊಡಿ" ಅಂದರೆ ಎಷ್ಟೋ ಕಡೆ ಕುದ್ದ ನೀರಿಗೆ ಅರ್ಧ ತಣ್ಣೀರು ಬೆರೆಸಿ ಕುಡಿಯುವ ಹದಕ್ಕೆ ತಂದು ಕೊಡುತ್ತಾರೆ. ಅದರಿಂದ ಗಂಟಲಿಗೆ ಹಿತ, ಹೊಟ್ಟೆಗೆ ಏನೂ ರಕ್ಷಣೆ ಇಲ್ಲ. ಬಾಯಿ ಸುಡುವಷ್ಟು ಬಿಸಿ ಇದ್ದರೆ ನಂಬಬಹುದು, ಇಲ್ಲದಿದ್ದರೆ ಬಾಟಲಿ ಒಯ್ಯುವುದೇ ವಾಸಿ.

ರಸ್ತೆಬದಿ ಏನೂ ತಿನ್ನಬೇಡ ಅಂದರೆ 20 ವರ್ಷದ ಹುಡುಗ ಕೇಳುವುದಿಲ್ಲ. ಹಾಗಾಗಿ ಆರಿಸಿ ತಿನ್ನಲು ಹೇಳಿ. ಕಣ್ಣೆದುರೇ ಕಾವಲಿಯಿಂದ ಇಳಿದ ದೋಸೆ, ಎಣ್ಣೆಯಿಂದ ತೆಗೆದ ಬಜ್ಜಿ ಪರವಾಗಿಲ್ಲ. ಕುದಿಯುತ್ತಿರುವ ಮಸಾಲ ಪುರಿ ಪಾನಿಪುರಿಗಿಂತ ಎಷ್ಟೋ ಮೇಲು, ಮೇಲೆ ಉದುರಿಸುವ ಹಸಿ ಈರುಳ್ಳಿ, ಕೊತ್ತಂಬರಿ ಬೇಡ ಅಂದರೆ ಇನ್ನೂ ಮೇಲು. ಪಾನಿ, ಐಸು, ಹೆಚ್ಚಿಟ್ಟ ಹಣ್ಣು ಇವು ಮೂರು ಬಿಡಬೇಕು. ಮನೆಯಲ್ಲಿ ನೀರು ಕಾಯಿಸುವುದಾದರೆ ಗುಳ್ಳೆ ಎದ್ದು ಮರಳಿದ ಮೇಲೆ ಒಂದು ನಿಮಿಷ ಸಾಕು. ಆರಿಸಿ ಮುಚ್ಚಿಡಿ, ಆಮೇಲೆ ಅದಕ್ಕೆ ಚೊಂಬು ಅದ್ದಬೇಡಿ. ಬೆರಳು ನೀರಿಗೆ ತಾಗಿದರೆ ಕಾಯಿಸಿದ್ದು ವ್ಯರ್ಥ. ನಲ್ಲಿ ಇರುವ ಡ್ರಮ್ಮು ಒಳ್ಳೆಯದು.

ಲಸಿಕೆ ಖಂಡಿತ ಹಾಕಿಸಿ. ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಅಂತ ಕೇಳಿ, ಒಂದೇ ಚುಚ್ಚು. ಹೈದರಾಬಾದಿನ ಕಂಪನಿಯ ಇಂಥ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿದೆ, 2018ರಲ್ಲಿ ಸಂಸ್ಥೆ ಆರು ತಿಂಗಳ ಮಗುವಿನಿಂದ 45 ವರ್ಷದವರೆಗೆ ಇದನ್ನು ಶಿಫಾರಸು ಮಾಡಿತು. ನೇಪಾಳದ ಮಕ್ಕಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಶೇಕಡಾ 80ರಷ್ಟು ರಕ್ಷಣೆ ಕಂಡುಬಂತು. ಕೊನೆಯ ಜ್ವರ ಬಿಟ್ಟು ಒಂದೂವರೆ ತಿಂಗಳಾದ ಮೇಲೆ ಹಾಕಿಸಿದರಾಯಿತು. ಮೊದಲು ಬಂದು ಹೋಗಿದ್ದರೂ ಹಾಕಿಸಬಹುದು. ಒಮ್ಮೆ ಟೈಫಾಯ್ಡ್ ಬಂದರೆ ಮತ್ತೆ ಬರುವುದಿಲ್ಲ ಅನ್ನುವ ಹಾಗೇನಿಲ್ಲ. ಟೈಫಾಯ್ಡಿನಂಥದ್ದೇ ಇನ್ನೊಂದು ಜ್ವರವಾದ ಪ್ಯಾರಾಟೈಫಾಯ್ಡನ್ನು ಈ ಲಸಿಕೆ ತಡೆಯಲ್ಲ, ಹಾಗಾಗಿ ನೀರಿನ ಎಚ್ಚರಿಕೆ ಬಿಡುವಂತಿಲ್ಲ.

ಕೊನೆಗೆ ನಿಮ್ಮ ಅತ್ತೆಯ ವಿಷಯ. ನೆಂಟರು ಹೇಳಿದ್ದು ಪೂರ್ತಿ ಕಟ್ಟುಕಥೆ ಅಲ್ಲ. ಟೈಫಾಯ್ಡ್ ಬಂದವರಲ್ಲಿ ನೂರಕ್ಕೆ ಒಬ್ಬರಿಂದ ಐದು ಜನರ ಪಿತ್ತಕೋಶದಲ್ಲಿ ರೋಗಾಣು ವರ್ಷಗಟ್ಟಲೆ ಉಳಿಯಬಹುದು. ಹೆಂಗಸರಲ್ಲಿ, ಪಿತ್ತಕೋಶದಲ್ಲಿ ಕಲ್ಲಿರುವವರಲ್ಲಿ ಇದು ಜಾಸ್ತಿ. ಅವರಿಗೆ ಜ್ವರವೂ ಇರುವುದಿಲ್ಲ, ಸುಸ್ತೂ ಇರುವುದಿಲ್ಲ. ನ್ಯೂಯಾರ್ಕಿನಲ್ಲಿ ಮೇರಿ ಮಾಲನ್ ಅನ್ನುವ ಅಡುಗೆಯಾಕೆ ಹೀಗೇ 1907ರಲ್ಲಿ ಪತ್ತೆಯಾದಳು. ಅವಳು ಬೇಯಿಸಿದ ಅಡುಗೆಯಿಂದ ಅಲ್ಲ, ಹಸಿ ಪೀಚ್ ಹಣ್ಣು ಹಾಕಿ ಮಾಡಿದ ಐಸ್‌ಕ್ರೀಮಿನಿಂದ ಹರಡಿದ್ದು ಅಂತ ಪತ್ತೆ ಮಾಡಿದವರ ಅನುಮಾನ. ಅವಳನ್ನು ಎರಡು ಸಲ ಹಿಡಿದು ದ್ವೀಪವೊಂದರಲ್ಲಿಟ್ಟರು, ಎರಡನೇ ಸಲ ಅಡುಗೆ ಬಿಡು ಅಂದರೂ ಬಿಡಲಿಲ್ಲ ಅಂತ. 1938ರಲ್ಲಿ ಅಲ್ಲೇ ಸತ್ತಳು. ಅವಳನ್ನು ನಡೆಸಿಕೊಂಡ ರೀತಿ ನನಗಂತೂ ಒಪ್ಪಿಗೆಯಾಗುವುದಿಲ್ಲ.

ಆದರೆ ನಿಮ್ಮ ಮನೆಯ ಲೆಕ್ಕ ನೋಡೋಣ. ಅತ್ತೆಯ ಕೈಯಡುಗೆ ಉಣ್ಣುವ ನಿಮಗಾಗಲಿ, ನಿಮ್ಮ ಯಜಮಾನರಿಗಾಗಲಿ ಬಂದಿದೆ ಅಂತ ನೀವು ಬರೆದಿಲ್ಲ, ದೂರದ ಪಿಜಿಯಲ್ಲಿರುವವನಿಗೆ ಮಾತ್ರ ಜ್ವರ ಬಂದಿದೆ. ಮೂರು ಸಲವೂ ರಜೆಗೆ ಊರಿಗೆ ಬಂದು ಹೋದ ಒಂದೆರಡು ವಾರಕ್ಕೇ ಜ್ವರ ಬಂದಿದ್ದರೆ ಮಾತ್ರ ಯೋಚಿಸಬೇಕು. ಹಾಗಿಲ್ಲದಿದ್ದರೆ ಅವರನ್ನು ಅನುಮಾನಿಸಲು ಕಾರಣವೇ ಇಲ್ಲ. ಅಷ್ಟಾದರೂ ಮನಸ್ಸಿಗೆ ಸಮಾಧಾನವಾಗದಿದ್ದರೆ ಮಲದ ಕಲ್ಚರ್ ಮಾಡಿಸಬಹುದು. ಒಂದು ಸಲ ನೆಗೆಟಿವ್ ಬಂದರೆ ಸಾಲದು, ರೋಗಾಣು ಬಿಟ್ಟು ಬಿಟ್ಟು ಹೊರಬರುವುದರಿಂದ ಬೇರೆ ಬೇರೆ ದಿನ ಮೂರು ಸಲ ಕೊಡಬೇಕು. ಅವರಿಗೂ ವಿಡಾಲ್ ಮಾಡಿಸಲು ಹೋಗಬೇಡಿ. ಮಲದ ಕಲ್ಚರ್ ಪಾಸಿಟಿವ್ ಬಂದರೆ ಹೆದರುವುದೇನಿಲ್ಲ, ರೋಗಾಣು ಬಗ್ಗುವ ಔಷಧಿಯನ್ನು ಕೆಲವು ವಾರ ಕೊಡುತ್ತಾರೆ. ಕಲ್ಲಿಗೆ ಹೇಗೂ ಸರ್ಜನ್ ಹತ್ತಿರ ತೋರಿಸುತ್ತಿದ್ದರೆ ಈ ಹಳೆಯ ಟೈಫಾಯ್ಡಿನ ವಿಷಯ ಅವರಿಗೂ ಹೇಳಿ. ಪರೀಕ್ಷೆಯ ಮಾತನ್ನು ನೆಂಟರ ಬಾಯಲ್ಲಿ ಆಡಿಸಬೇಡಿ. ಕಲ್ಲಿನ ಚೆಕಪ್ಪಿಗೆ ಕರೆದುಕೊಂಡು ಹೋದ ದಿನ ಅಲ್ಲಿನ ಡಾಕ್ಟರೇ ಅವರಿಗೆ ಹೇಳಲಿ, ಅತ್ತೆಯವರೂ ಬೇಜಾರು ಮಾಡಿಕೊಳ್ಳುವುದಿಲ್ಲ.